ಇನ್ನೊಬ್ಬನ ಅಳುಹಾಡು

"ಇಪ್ಪತ್ತೆರಡು, ಜೊವೆಲಿನ್," ಎಂದರು ಮೇಡಂ, ಹಾಜರಿ ಪುಸ್ತಕದಿಂದ ತಲೆ ಎತ್ತದೆ. "ನಿಂದ್ಯಾವ ಪದ್ಯ?"

ಬೋರ್ಡಿನ ಮೇಲೆ ಆರು ಪದ್ಯಗಳ ಹೆಸರುಗಳಿದ್ದವು. ತಾಯಿ, ಬಾವುಟ, ರೈತ, ಕೋಣ, ಮಳೆ, ನಮ್ಮ ಊರು. ಆ ನಾಡಿನ ಶಾಲೆಗಳಲ್ಲಿ ಆಗಸ್ಟ್ ಭಾಷೆಯ ತಿಂಗಳು. ಎಂಟನೇ ತರಗತಿಯ ಪ್ರತಿಯೊಬ್ಬರೂ ಊರ ಭಾಷೆಯ ಒಂದು ಪದ್ಯ ಆರಿಸಿಕೊಂಡು, ಬಾಯಿಪಾಠ ಮಾಡಿ, ಶುಕ್ರವಾರ ಎಲ್ಲರೆದುರು ಗಟ್ಟಿಯಾಗಿ ಹೇಳಬೇಕಿತ್ತು. ಚೆನ್ನಾಗಿ ಹೇಳಿದ ಒಬ್ಬರಿಗೆ ತಿಂಗಳ ಕೊನೆಯಲ್ಲಿ ಊರವರೆಲ್ಲ ಸೇರುವ ವೇದಿಕೆ. ಅವಳಿಗಿಂತ ಮೊದಲಿನ ಇಪ್ಪತ್ತೊಂದು ಮಕ್ಕಳಲ್ಲಿ ಹದಿಮೂರು ಮಂದಿ ಆಗಲೇ ತಾಯಿಯನ್ನು ಆರಿಸಿಕೊಂಡು ಕೂತಿದ್ದರು. ಮಾತೃಭಕ್ತಿ ಉಕ್ಕಿ ಅಲ್ಲ, ಆರರಲ್ಲಿ ಅದೇ ಚಿಕ್ಕದು ಎಂದು.

ಜೊವೆಲಿನ್ ಎದ್ದು ನಿಂತಳು. "ಬೋರ್ಡಲ್ಲಿ ಇರೋದು ಯಾವ್ದೂ ಬೇಡ ಮೇಡಂ. ನಾನು ದುಂಗಾವ್ ಹೇಳ್ತೀನಿ. ನಮ್ಮ ತಾತಂದು."

ದುಂಗಾವ್ ಎಂದರೆ ಹೆಣದ ಪಕ್ಕದಲ್ಲಿ ಕೂತು, ಸತ್ತವರನ್ನೇ ಮಾತನಾಡಿಸುತ್ತ ಹಾಡುವ ಅಳುಹಾಡು. ಆ ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಹಾಡಲು ಬರುತ್ತಿದ್ದವಳು ಜೊವೆಲಿನ್‌ಳ ಅಜ್ಜಿ ಸೆವೆರಿನಾ.

"ತಾತಂದಾ?" ಹಿಂದಿನ ಬೆಂಚಿನಿಂದ ಶೆರಿಲ್‌ಳ ದನಿ ಬಂತು. "ನಿಮ್ಮಜ್ಜಿ ಊರಿಗೆಲ್ಲಾ ಅತ್ತು ಬರ್ತಾಳೆ. ಕಟ್ಕೊಂಡ ಗಂಡ ಸತ್ತಾಗ ಮಾತ್ರ ಬಾಯಿಗೆ ಬೀಗ ಹಾಕ್ಕೊಂಡ್ಲು. ಇಲ್ದೇ ಇರೋ ಹಾಡನ್ನ ಎಲ್ಲಿಂದ ತಂದ್ ಹೇಳ್ತೀಯೇ?"

ಎಲ್ಲರೂ ನಕ್ಕರು. ಜೊವೆಲಿನ್ ಕೈಯಲ್ಲಿದ್ದ ಜ್ಯಾಮಿಟ್ರಿ ಬಾಕ್ಸನ್ನು ಹಿಂದಕ್ಕೆ ಬೀಸಿದಳು. ಅದು ಶೆರಿಲ್‌ಗೆ ತಗಲದೆ ಗೋಡೆಗೆ ಬಡಿದು, ಕೈವಾರ ಕೋನಮಾಪಕವೆಲ್ಲ ಚೆಲ್ಲಿದವು. ಮೇಡಂ ಇಬ್ಬರನ್ನೂ ಗದರಿಸಿದರು. ಆಮೇಲೆ ಅವರ ಮುಖ ಅರಳಿತು. "ಆದ್ರೆ ಐಡಿಯಾ ಚೆನ್ನಾಗಿದೆ ಕಣೇ. ನಮ್ಮ ಪರಂಪರೆ ಅಲ್ವಾ? ಅಜ್ಜಿ ಹತ್ರ ಕೇಳಿ ಬರ್ಕೊಂಡ್ ಬಾ." ಪಟ್ಟಣದಲ್ಲಿ ಹುಟ್ಟಿ ಬೆಳೆದ ಮೇಡಂ ದುಂಗಾವನ್ನು ಯಾವುದೋ ವೀಡಿಯೊದಲ್ಲಿ ಮಾತ್ರ ನೋಡಿದ್ದರು. ಅದರಲ್ಲಿ ಹೆಣ ಇರಲಿಲ್ಲ.

ಶೆರಿಲ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಜೊವೆಲಿನ್‌ಗೆ ಉರಿದದ್ದೂ ಅದಕ್ಕೇ. ಜೂನ್‌ನಲ್ಲಿ ತಾತ ಅನ್ಸೆಲ್ಮೊ ಸತ್ತಾಗ ಶವಪೆಟ್ಟಿಗೆಯನ್ನು ನಾಲ್ಕು ದಿನ ನಡುಮನೆಯಲ್ಲಿ ಇಟ್ಟಿದ್ದರು. ಬಂದವರು ಕಾಫಿ ಕುಡಿದರು, ಬಿಸ್ಕತ್ತು ತಿಂದರು, ಹೆಣವನ್ನು ಒಂದು ಸಲ ನೋಡಿ ಅಜ್ಜಿಯ ಬಾಯನ್ನು ಹತ್ತು ಸಲ ನೋಡಿದರು. ಇನ್ನೊಬ್ಬರ ಗಂಡಂದಿರಿಗೇ ಅಷ್ಟು ಹಾಡಿದವಳು ತನ್ನವನಿಗೆ ಎಷ್ಟು ಹಾಡಬಹುದು ಎಂದು ಕಾಯುತ್ತಿದ್ದರು. ಮೂರನೆಯ ದಿನ ಜೊವೆಲಿನ್ ತಾನೇ ಟ್ರಂಕಿನಿಂದ, ಹಾಡುವಾಗ ಹಾಕಿಕೊಳ್ಳುವ ಕಪ್ಪು ಮುಸುಕು ತಂದು ಅಜ್ಜಿಯ ತೊಡೆಯ ಮೇಲಿಟ್ಟಿದ್ದಳು. ಅಜ್ಜಿ ಅದನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿಗೆ ಹಾಕಿ ಬಂದಿದ್ದಳು. ಮಣ್ಣಾಗಿ ಎರಡು ತಿಂಗಳಾದರೂ ಊರವರ ಬಾಯಿಗೆ ಆ ಮುಸುಕೇ ಎಲೆ ಅಡಿಕೆಯಾಗಿತ್ತು.

ಜೊವೆಲಿನ್‌ಗೆ ತಾತ ಎಂದರೆ ಪ್ರಾಣ. ಅಪ್ಪ ಅಮ್ಮ ಮನಿಲಾದಲ್ಲಿ ದುಡಿಯುತ್ತಿದ್ದರು, ಅವಳನ್ನು ಸೈಕಲ್ಲಿನಲ್ಲಿ ಶಾಲೆಗೆ ಬಿಡುತ್ತಿದ್ದವನು ತಾತನೇ. ಜೂಜಿನ ಹುಂಜದ ಕಾಲನ್ನು ಹೇಗೆ ನೀವಬೇಕು, ಬೆಳಗಿನ ಬಿಸಿಲಿಗೆ ಹೇಗೆ ಹಿಡಿಯಬೇಕು ಎಂದು ಕಲಿಸಿದವನೂ ಅವನೇ. ಭಾನುವಾರ ಹುಂಜಗಳ ಕಾಳಗ ನಡೆಯುವ ಅಂಕದಿಂದ ಬರುವಾಗ, ಗೆದ್ದರೂ ಸೋತರೂ, ಜೇಬಿನ ತುಂಬ ಅವಳಿಗೆ ಕಡಲೆಕಾಯಿ ಇರುತ್ತಿತ್ತು. ಅವನ ಕೊನೆಯ ಹುಂಜ ಇನ್ನೂ ಹಿತ್ತಲಿನ ಸೀಬೆ ಮರಕ್ಕೆ ಕಟ್ಟಿಕೊಂಡಿತ್ತು. ದಿನಾ ಬೆಳಿಗ್ಗೆ ಅದಕ್ಕೆ ಜೋಳ ಹಾಕುತ್ತಿದ್ದವಳು ಅವಳೇ. ಅಂಥ ತಾತನನ್ನು ಒಂದು ಸಾಲು ಹಾಡಿಲ್ಲದೆ ನಾಯಿಯನ್ನು ಹೂತ ಹಾಗೆ ಹೂತುಬಿಟ್ಟರಲ್ಲ ಎಂಬ ಸಿಟ್ಟು ಅವಳಿಗೆ ಊಟದಲ್ಲೂ ಇತ್ತು, ನಿದ್ದೆಯಲ್ಲೂ ಇತ್ತು.

ಅಂದು ಸಂಜೆ ಅಜ್ಜಿ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಗೆಡ್ಡೆಗಳನ್ನು ಗಾತ್ರ ನೋಡಿ ಬೇರೆ ಮಾಡುತ್ತಿದ್ದಳು. ಸಿಪ್ಪೆ ಅವಳ ಕಪ್ಪು ಲಂಗದ ತುಂಬ ಅಂಟಿಕೊಂಡಿತ್ತು.

"ತಾತನ ದುಂಗಾವ್ ಹೇಳ್ಕೊಡು. ಶಾಲೆಗೆ ಬೇಕು."

"ಶಾಲೆಗೆ ಬೇಕಾದ್ರೆ ಪುಸ್ತಕ ನೋಡು."

"ಪುಸ್ತಕದಲ್ಲಿ ತಾತ ಇಲ್ಲ."

"ದುಂಗಾವ್ ಪದ್ಯ ಅಲ್ಲ ಕಣೇ, ಬೇಕಾದಾಗ ತೆಗೆದು ಹೇಳೋಕೆ." ಅಜ್ಜಿ ಒಂದು ಕೊಳೆತ ಗೆಡ್ಡೆಯನ್ನು ಅಂಗಳಕ್ಕೆ ಎಸೆದಳು. "ಸತ್ತೋರ ಹತ್ರ ಮಾತಾಡೋದು. ಅಲ್ಲಿ ಒಂದಕ್ಷರ ಸುಳ್ಳು ಹೇಳೋ ಹಾಗಿಲ್ಲ. ಕೋಣದ್ದೋ ಕುರಿದೋ ಯಾವ್ದಾದ್ರೂ ಹೇಳಿ ಬಾ ಹೋಗು."

"ಸುಳ್ಳು ಯಾಕೆ ಹೇಳ್ಬೇಕು? ತಾತನ ಬಗ್ಗೆ ನಿಜ ಹೇಳೋಕೆ ನಿಂಗೇನು ಇರ್ಲಿಲ್ವಾ? ನಲವತ್ತಾರು ವರ್ಷ ಜೊತೇಲಿದ್ದೆ!"

"ಇದ್ದೆ."

"ನೀನು ಕಲ್ಲು ಅಜ್ಜಿ! ಊರವ್ರು ಹೇಳೋದೇ ಸರಿ. ಕಂಡೋರಿಗೆಲ್ಲ ಅಳ್ತೀಯ, ಅದು ಅಳುನೂ ಅಲ್ಲ, ಬರೀ ನಾಟಕ."

ಅಜ್ಜಿ ತಲೆ ಎತ್ತಿ ನೋಡಿದಳು. ಹೊಡೆಯುತ್ತಾಳೆಂದು ಜೊವೆಲಿನ್ ಕಾದಳು, ಹೊಡೆದಿದ್ದರೆ ಅವಳಿಗೂ ಸಮಾಧಾನವಾಗುತ್ತಿತ್ತು. ಅಜ್ಜಿ ಲಂಗ ಕೊಡವಿ ಎದ್ದು, ಬೆಳ್ಳುಳ್ಳಿ ಬುಟ್ಟಿಯನ್ನು ಒಳಗಿಟ್ಟು, ಅನ್ನಕ್ಕೆ ನೀರಿಟ್ಟಳು.

ಕೊಡದಿದ್ದರೆ ಬೇಡ, ತಾನೇ ತೆಗೆದುಕೊಳ್ಳುತ್ತೇನೆ ಎಂದುಕೊಂಡಳು ಜೊವೆಲಿನ್. ಹಿಂದಿನ ವರ್ಷ ಬೀದಿಯ ತುದಿಯ ಕ್ರಿಸ್ಪುಲೊ ಸತ್ತಾಗ, ಅಜ್ಜಿಯ ಪಕ್ಕದಲ್ಲಿ ಬೀಸಣಿಗೆ ಹಿಡಿದು ಕೂತಿದ್ದವಳು ಅವಳೇ. ಇಡೀ ಮಧ್ಯಾಹ್ನ ಕೇಳಿದ್ದ ಹಾಡು ಅವಳ ತಲೆಯಲ್ಲಿ ಸಾಲು ಸಾಲಾಗಿ ಇತ್ತು, ಅಜ್ಜಿ ಎಲ್ಲಿ ಉಸಿರೆಳೆದಳು ಎಂಬುದೂ ಸೇರಿ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಳು. ಕ್ರಿಸ್ಪುಲೊ ಎಂದಿದ್ದಲ್ಲೆಲ್ಲ ಅನ್ಸೆಲ್ಮೊ ಎಂದು ಮಾಡಿದಳು. ದೊರೋತೆಯಾ ಎಂಬ ಹೆಂಡತಿಯ ಹೆಸರನ್ನು ಹೊಡೆದು ಸೆವೆರಿನಾ ಎಂದು ಬರೆದಳು. ಹೊಳೆ ಪಕ್ಕದ ಮೂರು ಗದ್ದೆಗಳನ್ನು ಒಂದು ಗದ್ದೆ ಮಾಡಿದಳು, ತಾತನಿಗಿದ್ದದ್ದು ಒಂದೇ. ಬಾವಿಯ ಸಾಲನ್ನು, ಎಲ್ಲ ಅಳುಹಾಡಿನಲ್ಲೂ ಬರುವ ಮಾತು ಎಂದುಕೊಂಡು ಹಾಗೇ ಬಿಟ್ಟಳು. ಉಳಿದದ್ದೆಲ್ಲ ತಾತನಿಗೆ ಹೇಳಿ ಹೊಲಿಸಿದ ಅಂಗಿಯಂತೆ ಹೊಂದಿತು ಎಂದು ಅವಳಿಗನ್ನಿಸಿತು. ಒಳ್ಳೆಯವರೆಲ್ಲ ಒಂದೇ ಥರ ಎಂಬ ಲೆಕ್ಕ, ಹದಿಮೂರರ ವಯಸ್ಸಿನದು.

ಶುಕ್ರವಾರ ಅವಳು ಕಣ್ಣು ಮುಚ್ಚಿ, ಅಜ್ಜಿಯ ಹಾಗೇ ತಲೆಯನ್ನು ಮೆಲ್ಲಗೆ ಆಡಿಸುತ್ತ ಶುರು ಮಾಡಿದಳು.

"ಅನ್ಸೆಲ್ಮೊ, ನೀನು ಎದ್ದು ಹೋದೆ,
ತಟ್ಟೆಯ ಅನ್ನ ಆರುವ ಮೊದಲೇ ಎದ್ದು ಹೋದೆ.
ಬೀದಿಗೆಲ್ಲ ಬಾವಿ ತೋಡಿದೆ,
ಎಲ್ಲರೂ ಕುಡಿದ ಮೇಲೆ ನೀನು ಕುಡಿದೆ.
ಈಗ ಕೊಡ ಹಿಡಿದು ನಿಂತಿದ್ದಾಳೆ ಸೆವೆರಿನಾ,
ಹಗ್ಗ ಎಳೆಯುವವರು ಯಾರು?"

ಹಾಡುತ್ತ ಹಾಡುತ್ತ ಅವಳಿಗೆ ನಿಜವಾಗಿ ಅಳು ಬಂತು. ಮೇಡಂ ಕರ್ಚೀಫು ತೆಗೆದರು. ತಾಯಿಯ ಪದ್ಯದ ಹದಿಮೂರು ಮಂದಿ ಬಾಯಿ ತೆರೆದುಕೊಂಡು ಕೇಳಿದರು. "ವೇದಿಕೆಗೆ ನೀನೇ," ಎಂದರು ಮೇಡಂ, ಮೂಗು ಒರೆಸಿಕೊಂಡು. ಜೊವೆಲಿನ್ ಗೆದ್ದವಳ ಹಾಗೆ ಹಿಂದಿನ ಬೆಂಚಿನತ್ತ ನೋಡಿದಳು. ಶೆರಿಲ್ ಅವಳನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು. ಹೊಟ್ಟೆಕಿಚ್ಚು ಎಂದುಕೊಂಡಳು ಜೊವೆಲಿನ್.

ಶೆರಿಲ್ ಕ್ರಿಸ್ಪುಲೊನ ಮೊಮ್ಮಗಳು. ಅವಳ ಮನೆಯವರು ದಿನಾ ನೀರು ಸೇದುತ್ತಿದ್ದದ್ದು ಚರ್ಚಿನ ಹಿಂದೆ ಅವನು ತೋಡಿದ ಆ ಬಾವಿಯಿಂದಲೇ.

ಶನಿವಾರ ಬೆಳಗಿನ ಒಂಬತ್ತಕ್ಕೆ ಕ್ರಿಸ್ಪುಲೊನ ಹೆಂಡತಿ ದೊರೋತೆಯಾ ಬಂದಳು. ಮಳೆ ನಿಂತಿದ್ದರೂ ಛತ್ರಿ ಮಡಚಿರಲಿಲ್ಲ. ಅಂಗಳದಿಂದಲೇ ಕೂಗಿದಳು.

"ಸೆವೆರಿನಕ್ಕಾ! ನನ್ನ ಗಂಡನ ಬಾವೀನ ಆ ಹುಂಜ ಸಾಕೋನಿಗೆ ಯಾವಾಗ ಬರ್ಕೊಟ್ಟೆ?"

ಅಜ್ಜಿ ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದಳು. "ಏನಾಯ್ತೇ? ಛತ್ರಿ ಮಡಚಿ ಒಳಗ್ ಬಾ."

"ಬರಲ್ಲ! ಹದಿನೇಳು ಅಡಿ ಅಗೆದ ನನ್ ಕ್ರಿಸ್ಪುಲೊ, ಒಬ್ಬನೇ. ಅಂಗೈ ಸಿಪ್ಪೆ ಸುಲಿದು ಹೋಗಿತ್ತು. ಅವನಿಗೆ ಅಂತ ನೀನೇ ನನ್ನ ಮನೇಲಿ ಕೂತು ಹಾಡಿದ್ದು. ಈಗ ನಿನ್ ಮೊಮ್ಮಗಳು ಅವನ ಹೆಸರು ಕಿತ್ತು ನಿನ್ ಗಂಡನ ಹೆಸರು ಅಂಟಿಸಿ, ನನ್ನ ಹೆಸರು ಕಿತ್ತು ನಿನ್ನ ಹೆಸರು ಅಂಟಿಸಿ, ನಲವತ್ತು ಮಕ್ಕಳ ಮುಂದೆ ಹಾಡಿದಾಳೆ. ಸತ್ತೋನ ಅಂಗಿ ಬಿಚ್ಕೊಂಡ್ರೂ ಇಷ್ಟು ನೋವಾಗ್ತಿರ್ಲಿಲ್ಲ!"

ಅಜ್ಜಿ ತಿರುಗಿದಳು. ಜೊವೆಲಿನ್ ಬಾಗಿಲ ಸಂದಿಯಲ್ಲಿ ನಿಂತಿದ್ದಳು.

"ಹೌದಾ?"

"ಹೌದು!" ಜೊವೆಲಿನ್ ಕಿರುಚಿದಳು. ಅವಳ ಕಿವಿ ಕೆಂಪಾಗಿದ್ದವು. "ಕದ್ದೆ. ನೀನು ಕೊಟ್ಟಿದ್ರೆ ಯಾಕೆ ಕದೀತಿದ್ದೆ? ತಾತನಿಗೆ ಅಂತ ನಿನ್ ಹತ್ರ ಒಂದು ಮಾತೂ ಇರ್ಲಿಲ್ಲ, ಅದಕ್ಕೆ ಕಂಡೋರ ಮನೆಯಿಂದ ತಂದೆ!"

"ಮಾತು ಇರ್ಲಿಲ್ಲ ಅಂತ ಯಾರು ಹೇಳಿದ್ದು ನಿಂಗೆ?" ಅದನ್ನು ಕೇಳಿದವಳು ದೊರೋತೆಯಾ. ಅವಳ ದನಿ ಒಮ್ಮೆಲೇ ತಗ್ಗಿತು. ಛತ್ರಿಯನ್ನು ಮಡಚಿದಳು. "ನೋಡಕ್ಕಾ, ಎಫ್ರೆನ್ ಹೋದ ದಿನ ನಾನೂ ಇದ್ದೆ. ಎಲ್ಲಾ ಕಂಡಿದೀನಿ, ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಸುಮ್ನಿರ್ತೀನಿ ಅಂದ್ರೆ ಸುಮ್ನಿರು, ಅದು ನಿನ್ನಿಷ್ಟ. ಹೇಳೋದಾದ್ರೆ ಅವನದ್ದನ್ನ ಹೇಳು. ನನ್ ಗಂಡನ ಪುಣ್ಯ ಅವನಿಗೆ ಹೊದಿಸ್ಬೇಡ."

ಎಫ್ರೆನ್ ಯಾರೆಂದು ಜೊವೆಲಿನ್‌ಗೆ ಗೊತ್ತಿತ್ತು. ಅವಳ ತಾಯಿ ಹುಟ್ಟುವ ಮೊದಲೇ, ಮೂರು ವರ್ಷದವನಾಗಿದ್ದಾಗ ಜ್ವರದಿಂದ ಸತ್ತ ಸೋದರಮಾವ. ನವೆಂಬರ್‌ನಲ್ಲಿ ಸತ್ತವರ ದಿನಕ್ಕೆ ಅವನ ಪುಟ್ಟ ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚುತ್ತಿದ್ದಳು. ಅದಕ್ಕಿಂತ ಹೆಚ್ಚಿನದನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

ಅಜ್ಜಿ ಸೌಟನ್ನು ಕಿಟಕಿಯ ಮೇಲಿಟ್ಟಳು.

"ಎಲ್ಲಾ ಹಾಡಿದ್ಯಾ? ಬಾವೀದೂ?"

"ಹೂಂ."

"ಹಂಗಾದ್ರೆ ಅವನಿಗೆ ಕೇಳಿಸಿರುತ್ತೆ. ಬಾವಿ ತೋಡಿದ ಧರ್ಮಾತ್ಮ ಅಂತ ನಂಬ್ಕೊಂಡು ಅಲ್ಲಿ ಆರಾಮಾಗಿ ಮಲಗಿಬಿಟ್ಟಿರ್ತಾನೆ." ಅಜ್ಜಿಯ ತುಟಿ ಬಿಳುಚಿದ್ದವು. "ಮಲಗೋಕೆ ಬಿಡಲ್ಲ. ಟ್ರಂಕಿಂದ ಮುಸುಕು ತಗೊಂಡ್ ಬಾ. ಚಪ್ಪಲಿ ಮೆಟ್ಕೋ."

ಸ್ಮಶಾನ ಗದ್ದೆಗಳ ಆಚೆ, ದಿಬ್ಬದ ಮೇಲಿತ್ತು. ಅಜ್ಜಿ ಮುಂದೆ, ಜೊವೆಲಿನ್ ನಡುವೆ, ಬೇಡವೆಂದರೂ ಬಿಡದೆ ದೊರೋತೆಯಾ ಹಿಂದೆ. ಅನ್ಸೆಲ್ಮೊನ ಸಮಾಧಿಯ ಸಿಮೆಂಟು ಇನ್ನೂ ಹೊಸದು. ಪಕ್ಕದಲ್ಲೇ ಬಣ್ಣ ಹೋದ ಪುಟ್ಟ ಶಿಲುಬೆ. ಅಜ್ಜಿ ಎರಡರ ನಡುವೆ ಒದ್ದೆ ಹುಲ್ಲಿನ ಮೇಲೆ ಕೂತು, ಮುಸುಕು ಹಾಕಿಕೊಂಡು, ಸಿಮೆಂಟಿನ ಮೇಲೆ ಅಂಗೈಯಿಂದ ಎರಡು ಸಲ ಬಾರಿಸಿದಳು, ಬಾಗಿಲು ಬಡಿದ ಹಾಗೆ.

"ಅನ್ಸೆಲ್ಮೊ, ಏಳು, ಎದ್ದು ಕೂತು ಕೇಳು,
ಎರಡು ತಿಂಗಳು ಕಾಯಿಸಿದೆ ಎನ್ನಬೇಡ,
ನಲವತ್ತು ವರ್ಷ ನನ್ನನ್ನು ಕಾಯಿಸಿದವನು ನೀನು.
ಬಾವಿ ತೋಡಿದವನು ನೀನಲ್ಲ, ಹುಡುಗಿಗೆ ಗೊತ್ತಿರಲಿಲ್ಲ,
ಅವಳಿಗೆ ನೀನು ಕೊಟ್ಟದ್ದು ಬರೀ ಕಡಲೆಕಾಯಿ.
ಆ ಭಾನುವಾರ ಮಗುವಿನ ಮೈ ಕೆಂಡವಾಗಿತ್ತು,
ಗಾಡಿ ಹೂಡು ಎಂದೆ ನಾನು, ಕೋಣ ಕಟ್ಟಿದೆ ನೀನು,
ಮಗುವಿಗೆ ಹೊದಿಸಲು ಕಂಬಳಿ ತರಲು ನಾನು ಒಳಗೆ ಹೋದೆ,
ಹೊರಗೆ ಬಂದರೆ ಗಾಡಿ ಇಲ್ಲ.
ಆಸ್ಪತ್ರೆಯ ದಾರಿ ಬಲಕ್ಕೆ, ನೀನು ಎಡಕ್ಕೆ ಹೋಗಿದ್ದೆ,
ನಿನ್ನ ಬಗಲಲ್ಲಿ ಹುಂಜ ಇತ್ತು, ಮಗು ಇರಲಿಲ್ಲ.
ಒಂದೇ ಆಟ, ಬಂದುಬಿಡುತ್ತೇನೆ ಎಂದು ಹೇಳಿ ಕಳಿಸಿದೆ.
ಹುಂಜ ಗೆದ್ದಿತು ಅನ್ಸೆಲ್ಮೊ, ನಿನ್ನ ಹುಂಜ ಗೆದ್ದಿತು!
ನೀನು ನಗುತ್ತ ಬಂದಾಗ
ನಾನು ಮಗುವಿನ ಕಣ್ಣು ಮುಚ್ಚಿ ಕೂತಿದ್ದೆ."

ದನಿ ಏರಲಿಲ್ಲ. ಊರವರ ಹೆಣಗಳ ಪಕ್ಕದಲ್ಲಿ ಅಜ್ಜಿಯ ಹಾಡು ಎಳೆದು ಎಳೆದು ಬರುತ್ತಿತ್ತು, ಇದು ಕತ್ತಿಯಿಂದ ಕಬ್ಬು ಕಡಿದ ಹಾಗೆ ತುಂಡು ತುಂಡಾಗಿ ಬಂತು. ಜೊವೆಲಿನ್ ಬೀಸಣಿಗೆ ತಂದಿರಲಿಲ್ಲ. ದೊರೋತೆಯಾ ತನ್ನ ಹೆಗಲ ಮೇಲಿನ ವಸ್ತ್ರವನ್ನೇ ಮಡಚಿ ಅಜ್ಜಿಗೆ ಗಾಳಿ ಹಾಕತೊಡಗಿದಳು.

"ನನ್ನ ಮಗನಿಗೆ ಹಾಡಲು ಬಾಯಿ ತೆರೆದೆ,
ನಾಲ್ಕು ಸಾಲು ಹಾಡಿದೆ, ಭಾನುವಾರ ಎಂದೆ,
ನಿನ್ನ ಕೈ ಬಂತು ನನ್ನ ಬಾಯಿಗೆ.
ಬಂದವರೆಲ್ಲ ತಿಳಿದರು, ಸಮಾಧಾನ ಮಾಡುತ್ತಿದ್ದಾನೆ ಎಂದು.
ಆ ಕೈಯಿಂದ ಕೋಳಿಯ ರಕ್ತದ ವಾಸನೆ ಬರುತ್ತಿತ್ತು.
ನೀನು ಸತ್ತೆ, ಆ ಕೈ ಕಟ್ಟಿ ಪೆಟ್ಟಿಗೆಯಲ್ಲಿ ಮಲಗಿದೆ,
ಆಗಲೂ ನನ್ನ ಬಾಯಿಂದ ಅದು ಸರಿಯಲಿಲ್ಲ."

ಅಜ್ಜಿ ಉಸಿರೆಳೆದಳು. ಸಿಮೆಂಟಿಗೆ ಬೆನ್ನು ಹಾಕಿ ಪುಟ್ಟ ಶಿಲುಬೆಯ ಕಡೆ ತಿರುಗಿ ಕೂತಳು.

"ಎಫ್ರೆನ್, ಕಂದಾ, ನಾಲ್ಕು ಸಾಲು ಆಗಿತ್ತು.
ಈಗ ಐದನೆಯದು."

ಅಲ್ಲಿಂದ ಮುಂದಿನದನ್ನು ಜೊವೆಲಿನ್ ಕೇಳಿದಳು, ಆದರೆ ಅದನ್ನು ಅವಳು ಯಾವತ್ತೂ ಬರೆಯಲಿಲ್ಲ. ಅದು ಬಹಳ ಹೊತ್ತು ನಡೆಯಿತು. ಮಳೆ ಬಂದು ಹೋಯಿತು, ಮತ್ತೆ ಬಂತು. ದೊರೋತೆಯಾ ಛತ್ರಿಯನ್ನು ಅಜ್ಜಿಯ ತಲೆಯ ಮೇಲೆ ಹಿಡಿದು ತಾನು ನೆನೆದಳು. ಜೊವೆಲಿನ್ ತಾತನ ಹೊಸ ಸಿಮೆಂಟನ್ನು ನೋಡುತ್ತ ನಿಂತಿದ್ದಳು. ಎರಡು ತಿಂಗಳಿಂದ ಅಜ್ಜಿಗೆಂದು ಕೂಡಿಟ್ಟಿದ್ದ ಸಿಟ್ಟನ್ನು ಈಗ ಎಲ್ಲಿ ಇಳಿಸಬೇಕೆಂದು ಅವಳಿಗೆ ಹೊಳೆಯಲಿಲ್ಲ. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡರೆ ಅವನು ತಿರುಗಿ ಒಂದು ಮಾತೂ ಹೇಳುವುದಿಲ್ಲವಲ್ಲ ಎಂಬುದಕ್ಕೇ ಇನ್ನಷ್ಟು ಸಿಟ್ಟು ಬಂತು. ಸೈಕಲ್ಲು, ಕಡಲೆಕಾಯಿ ಎಲ್ಲ ನಿಜವೇ ಆಗಿತ್ತು.

ವಾಪಸು ಬರುವಾಗ ಗದ್ದೆಯ ಬದುವಿನ ಮೇಲೆ ದೊರೋತೆಯಾ ನಿಂತಳು. "ಏ ಹುಡುಗಿ, ಸೋಮವಾರ ಕ್ಲಾಸಲ್ಲಿ ಬಾವಿ ಯಾರ್ದು ಅಂತ ಹೇಳ್ಬೇಕು. ಎಲ್ಲರ ಮುಂದೆ."

"ಹೇಳ್ತೀನಿ ಅಜ್ಜಿ."

"ಹದಿನೇಳು ಅಡಿ ಅನ್ನೋದೂ ಹೇಳು."

"ಹೇಳ್ತೀನಿ."

ಭಾನುವಾರ ಬೆಳಿಗ್ಗೆ ಜೊವೆಲಿನ್ ಜೋಳದ ಡಬ್ಬಿ ಹಿಡಿದು ಹಿತ್ತಲಿಗೆ ಹೋದಳು. ಹುಂಜ ಅವಳನ್ನು ಕಂಡು ರೆಕ್ಕೆ ಬಡಿದು, ಕಾಲು ನೀವಿಸಿಕೊಳ್ಳಲು ಮುಂದೆ ಬಂತು. ಅವಳು ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದು, ಸೀಬೆ ಮರದಿಂದ ಹಗ್ಗ ಬಿಚ್ಚಿ, ಹುಂಜವನ್ನು ಬಗಲಿಗೆ ಹಾಕಿಕೊಂಡು ಅಡಿಗೆಮನೆಗೆ ಬಂದಳು. ಬಗಲಲ್ಲಿ ಅದರ ಎದೆ ಬಡಿದುಕೊಳ್ಳುವುದು ತಿಳಿಯುತ್ತಿತ್ತು.

"ತಗೋ."

ಅಜ್ಜಿ ಹುಂಜವನ್ನೂ ನೋಡಿದಳು, ಮೊಮ್ಮಗಳನ್ನೂ ನೋಡಿದಳು. "ಜೂಜಿನ ಹುಂಜ ಕಣೇ. ಚಪ್ಪಲಿ ತಿಂದ ಹಾಗಿರುತ್ತೆ."

"ಇರ್ಲಿ."

"ಅಳಲ್ಲ ತಾನೇ?"

"ಅಳಲ್ಲ."

ಅಳಲಿಲ್ಲ. ಬಿಸಿನೀರು ಹೊಯ್ದು ಪುಕ್ಕ ಕಿತ್ತವಳೂ ಅವಳೇ, ಬೇಕಾದ್ದಕ್ಕಿಂತ ಜೋರಾಗಿ ಕಿತ್ತಳು. ಅಜ್ಜಿ ಶುಂಠಿ ಜಜ್ಜಿ, ಹಸಿ ಪಪ್ಪಾಯ ಹೆಚ್ಚಿ, ದೊಡ್ಡ ಪಾತ್ರೆ ಒಲೆಗಿಟ್ಟಳು. ನುಗ್ಗೆ ಸೊಪ್ಪು ಕೊನೆಗೆ ಹಾಕುವುದೆಂದು ಬಿಡಿಸಿ ಪಕ್ಕಕ್ಕಿಟ್ಟಳು. ಹನ್ನೊಂದಾದರೂ ಮಾಂಸಕ್ಕೆ ಚಾಕು ಇಳಿಯಲಿಲ್ಲ. ಹೊಳೆಯಾಚೆಯ ಅಂಕದಿಂದ ಗಂಡಸರ ಕೂಗು ಗದ್ದೆಗಳ ಮೇಲೆ ಹಾಯ್ದು ಬರುತ್ತಿತ್ತು, ಎದ್ದು, ಬಿದ್ದು, ಮತ್ತೆ ಎದ್ದು.

"ನಿಮ್ಮ ಮೇಡಂಗೆ ಏನಂತೀಯ?" ಎಂದಳು ಅಜ್ಜಿ.

"ಕೋಣದ ಪದ್ಯ ಹೇಳ್ತೀನಿ ಅಂತೀನಿ."

"ವೇದಿಕೆ ತಪ್ಪಿಸ್ತಾರೆ."

"ತಪ್ಪಿಸ್ಲಿ. ತಾಯಿ ಪದ್ಯದೋರು ಹದಿಮೂರು ಜನ ಇದಾರೆ, ಹತ್ತಲಿ."

"ಬರುತ್ತಾ ಅದು?"

ಜೊವೆಲಿನ್ ಪುಸ್ತಕ ತಂದು ಒಲೆಯ ಮುಂದೆ ನಿಂತಳು. ನಾಲ್ಕನೆಯ ಪಾಠದ ಪುಟದಲ್ಲಿ ಬೆನ್ನ ಮೇಲೆ ಕೊಕ್ಕರೆ ಕೂರಿಸಿಕೊಂಡು ನಗುತ್ತಿದ್ದ ಕೋಣದ ಚಿತ್ರವಿತ್ತು. ಅವಳು ಕೈ ಕಟ್ಟಿ, ಹೊಳೆಯಾಚೆಗೆ ಕೇಳಿಸಲಿ ಎಂಬಂತೆ ಗಂಟಲು ಹರಿದುಕೊಂಡು ಶುರು ಮಾಡಿದಳು.

"ಕೋಣವೇ ಕೋಣವೇ, ಕೆಸರಿನ ಗೆಳೆಯನೇ,
ಕೊಕ್ಕರೆ ಕುಳಿತರೂ ಕೊಡವದ ಒಡೆಯನೇ!
ನೊಗವನು ಹೊತ್ತು, ಗಾಡಿಯನೆಳೆದು
ಹೇಳಿದ ದಾರಿಗೆ ಹೊರಡುವ ಜಾಣನೇ!"

ಕೊನೆಯ ಸಾಲಿನ 'ದಾರಿಗೆ' ಎಂಬಲ್ಲಿ ಅವಳು ನಿಂತಳು. ಅಜ್ಜಿಯ ಕಡೆ ನೋಡದೆ, ಕಾಲಿನಿಂದ ನೆಲ ಒದ್ದು, ಆ ಸಾಲನ್ನು ಮತ್ತೆ ಮೊದಲಿನಿಂದ ಹೇಳಿ ಮುಗಿಸಿದಳು.

ಅಜ್ಜಿ ಪಾತ್ರೆಯ ಮುಚ್ಚಳ ಸರಿಸಿ, ಒಂದು ತುಂಡನ್ನು ಸೌಟಿನಿಂದ ಮೇಲೆತ್ತಿ ಉಗುರಿನಿಂದ ಒತ್ತಿ ನೋಡಿದಳು.

"ಇನ್ನೊಂದ್ ಸಲ ಹೇಳು," ಎಂದಳು. "ಇನ್ನೂ ಬೆಂದಿಲ್ಲ."